ಬುಡದ ರೊಟ್ಟಿ

ನಾನು ಊಟಕ್ಕೆ ಎಲ್ಲರದೂ ಆದ ಮೇಲೆ ಕೂಡುವವನು. ಸೊಸೆಗೆ ಇದು ಸಿಟ್ಟು. "ಮಾವಾರ, ಎಲ್ಲಾರ ಕೂಡ ಕುಂತ ಉಂಡ್ರ ಏನಾಕ್ಕೈತ್ರಿ? ನಿಮ್ಮ ಸಲುವಾಗಿ ಮತ್ತೊಮ್ಮಿ ಪಲ್ಯಾ ಬಿಸಿ ಮಾಡಬೇಕು" ಎನ್ನುತ್ತಾಳೆ. "ರೂಢಿ ಯವ್ವಾ" ಎಂದು ತಪ್ಪಿಸಿಕೊಳ್ಳುತ್ತೇನೆ. ಈ ರೂಢಿ ಹತ್ತಿದ್ದು ಅರವತ್ತರ ದಶಕ ಶುರುವಾದ ಹೊಸದರಲ್ಲಿ, ವಿಜಾಪುರದ ಒಂದು ಮಠದ ಬೋರ್ಡಿಂಗಿನಲ್ಲಿ.

ನಾನಲ್ಲಿ ಮಾಸ್ತರ. ಹಗಲು ಮಠದ ಸಾಲೆಯಲ್ಲಿ ಕಲಿಸುವುದು, ಉಳಿದ ಹೊತ್ತೆಲ್ಲ ಅರವತ್ತು ಹುಡುಗರನ್ನು ಕಾಯುವುದು. ವಯಸ್ಸು ಇಪ್ಪತ್ತೆರಡು. ನಸುಕಿನಲ್ಲಿ ಗಂಟೆ ಬಾರಿಸಿದರೆ ಚಳಿಗಾಲವಿರಲಿ ಏನಿರಲಿ, ತಣ್ಣೀರು ಸುರಿದುಕೊಂಡು ಹಣೆಗೆ ವಿಭೂತಿ ಹಚ್ಚಿ ಪ್ರಾರ್ಥನೆಗೆ ನಿಲ್ಲಬೇಕು. ಸಿನಿಮಾ ಇಲ್ಲ, ಕ್ರಾಪು ಇಲ್ಲ. ಸ್ಟೇಷನ್ ರಸ್ತೆಯ ಹೊಟೇಲಿನಲ್ಲಿ ಅರ್ಧ ಕಪ್ಪು ಚಹಾ ಕುಡಿದವನು ವಾರಗಟ್ಟಲೆ ಅಂಗಳ ಗುಡಿಸಿದ್ದನ್ನು ನಾನೇ ನಿಂತು ನೋಡಿದ್ದೇನೆ. ಗುಡಿಸಲು ಹಚ್ಚಿದವನೂ ನಾನೇ. ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಹಡೆದ ತಾಯಿ ಬಂದರೂ ಹೊರಗಿನ ಕಟ್ಟೆಯ ಮೇಲೆ ಕುಳಿತು ಮಗನ ಮುಖ ನೋಡಿಕೊಂಡು ಹೋಗಬೇಕು. ಹುಡುಗರಿಗಿದ್ದ ನೇಮವೆಲ್ಲ ಮಾಸ್ತರನಿಗೂ ಇತ್ತು. ಅದೇ ನನ್ನ ಫಜೀತಿ, ಏಕೆಂದರೆ ಆ ಬೇಸಿಗೆಯಲ್ಲಿ ನನ್ನ ಮದುವೆಯಾಗಿತ್ತು.

ಹೆಣ್ಣು ತಿಕೋಟಾದವಳು. ಮದುವೆಯಾಗಿ ಹನ್ನೊಂದು ದಿನ ಅವಳ ತವರಿನಲ್ಲಿದ್ದೆ. ಬಬಲೇಶ್ವರದ ನಮ್ಮ ಮನೆಯಲ್ಲಿ ಅಪ್ಪ, ಕಾಕಾ ಇಬ್ಬರೇ ಗಂಡಸರು. ಹೊಸ ಸೊಸೆಗೆ ಜೊತೆಗೆ ಒಂದು ಹೆಣ್ಣುಜೀವ ಇರಲಿಲ್ಲ. ಹೀಗಾಗಿ "ಖೋಲಿ ಹಿಡದ ಮ್ಯಾಲ ಕರಕೊಂಡ ಹೋಗತಾನ, ಅಲ್ಲೀಮಟಾ ಇಲ್ಲೇ ಇರಲಿ" ಎಂದು ಹಿರಿಯರು ತೀರ್ಮಾನಿಸಿದರು. ಬೋರ್ಡಿಂಗಿನಲ್ಲೇ ಮಲಗಬೇಕಾದ ಮಾಸ್ತರ ಬಾಡಿಗೆ ಖೋಲಿ ಹಿಡಿಯುವುದು ಯಾವಾಗ?

ಆ ಹನ್ನೊಂದು ದಿನದಲ್ಲಿ ನನಗೆ ಉಳಿದ ನೆನಪೆಂದರೆ ರೊಟ್ಟಿಯದು. ತಟ್ಟೆಗೆ ಅವಳೇ ತಂದು ಹಾಕುತ್ತಿದ್ದಳು, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು, ಮುಖ ಬೇರೆ ಕಡೆ ತಿರುಗಿಸಿ. ಹಪ್ಪಳದ ಹಾಗೆ ತೆಳ್ಳಗಿನ ಜೋಳದ ರೊಟ್ಟಿ, ಮೇಲೆ ಎಳ್ಳು, ಅಂಚಿಗೆ ನಾಲ್ಕು ಬೆರಳು ಒತ್ತಿದ ಗುರುತು. ತಿನ್ನುವಾಗ ನನ್ನ ನಾಲ್ಕು ಬೆರಳನ್ನು ಆ ಗುರುತಿನ ಮೇಲೆ ಇಟ್ಟು ನೋಡುತ್ತಿದ್ದೆ. ನಗಬೇಡಿ, ಇಪ್ಪತ್ತೆರಡರ ವಯಸ್ಸು.

ಬೋರ್ಡಿಂಗಿನ ಊಟ ನಡೆಯುತ್ತಿದ್ದುದು ಹಳ್ಳಿಗಳ ರೊಟ್ಟಿಯಿಂದ. ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ, ಹೊಲದ ಕೆಲಸವಿಲ್ಲ. ಅಂದು ತಿಕೋಟಾ, ಬಬಲೇಶ್ವರ, ಅರಕೇರಿಯ ಮನೆಮನೆಗಳಲ್ಲಿ ಮಠದ ಪಾಲಿನ, ತಿಂಗಳಾದರೂ ಕೆಡದ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಮರುದಿನ ಬಂಡಿಯಲ್ಲಿ ದೊಡ್ಡ ಬುಟ್ಟಿಗಳು ಬರುತ್ತಿದ್ದವು. ಎಲ್ಲ ಓಣಿಯ, ಎಲ್ಲ ಕೇರಿಯ ರೊಟ್ಟಿ ಒಂದೇ ಬುಟ್ಟಿಯಲ್ಲಿ. ತೆಳ್ಳಗಿನವು ಮುರಿಯಬಾರದೆಂದು ದಪ್ಪನೆಯವು ಬುಡಕ್ಕೆ.

ಪಂಕ್ತಿಯಲ್ಲಿ ಕೈಗೆ ಬಂದ ರೊಟ್ಟಿಯನ್ನು ಉಣ್ಣಬೇಕು. ಆರಿಸುವಂತಿಲ್ಲ, ಪಕ್ಕದವನೊಡನೆ ಅದಲು ಬದಲು ಮಾಡುವಂತಿಲ್ಲ. ಎಲ್ಲ ನೇಮಗಳಲ್ಲಿ ಇದು ಬಲು ಬಿಗಿ. ಮಠದ ಸ್ವಾಮಿಗಳನ್ನು ನಾವೆಲ್ಲ ಅಜ್ಜಾರು ಎನ್ನುತ್ತಿದ್ದೆವು. ಇದು ಅವರೇ ಮಾಡಿದ ನೇಮ.

ಆ ವರ್ಷ ಅರಕೇರಿಯಿಂದ ಒಬ್ಬ ಹುಡುಗ ಹೊಸದಾಗಿ ಬಂದಿದ್ದ. ಶ್ರಾವಣದಲ್ಲಿ ಒಂದು ದಿನ ಉಗ್ರಾಣದಲ್ಲಿ ಬುಟ್ಟಿಯೊಳಗೆ ಮೊಣಕೈ ತನಕ ಕೈ ಹಾಕಿದ್ದವನನ್ನು ಹಿಡಿದೆ.

"ಏನ ಹುಡುಕಾಕತ್ತೀಲೇ?"

"ನಮ್ಮವ್ವನ ರೊಟ್ಟಿ ರೀ ಸರ."

"ಇಷ್ಟ ರೊಟ್ಟಿವಳಗ ನಿಮ್ಮವ್ವಂದು ಹ್ಯಾಂಗ ಗೊತ್ತಾಕ್ಕೈತಿ?"

"ನಮ್ಮವ್ವ ಎಡಗೈಯಾಕಿ ರೀ. ಆಕಿ ರೊಟ್ಟಿ ಒಂದ ಮಗ್ಗಲಾ ತೆಳ್ಳಗಿರತೈತಿ."

ಅಜ್ಜಾರ ಮುಂದೆ ನಿಲ್ಲಿಸಿದೆ. ಅವರು ಹುಡುಗನ ತಲೆ ಸವರಿ ನನ್ನ ಕಡೆ ನೋಡಿ ಹೇಳಿದರು: "ಬುಟ್ಟಿಗಿ ಬಿದ್ದ ರೊಟ್ಟಿಗಿ ಮನಿ ಇಲ್ಲ, ಮಾಸ್ತರ. ಇವತ್ತ ಅವ್ವನ ರೊಟ್ಟಿ ಯಾವದು ಅಂತ ಹುಡುಕತಾರ, ನಾಳಿಗಿ ಈ ರೊಟ್ಟಿ ಯಾವ ಓಣಿದು ಅಂತ ಕೇಳತಾರ. ಶಿಕ್ಷಾ ನೀನ ನೋಡಿ ಕೊಡು."

ನಾನು ಕೊಟ್ಟೆ. ಎಂಟು ದಿನ ಎಲ್ಲರಿಗೂ ಬಡಿಸಿ, ಎಲ್ಲರದೂ ಆದ ಮೇಲೆ ಉಣ್ಣಬೇಕು. ಹುಡುಗ ಅಳಲಿಲ್ಲ. ನನ್ನ ಶಿಸ್ತಿನ ಬಗ್ಗೆ ನನಗೇ ಹೆಮ್ಮೆಯಾಯಿತು.

ಆದರೆ ಅವನು ನನ್ನ ತಲೆಯಲ್ಲಿ ಒಂದು ಹುಳ ಬಿಟ್ಟಿದ್ದ. ಎಡಗೈ ರೊಟ್ಟಿ ಗುರುತಾಗುವುದಾದರೆ ನಾಲ್ಕು ಬೆರಳಿನದು ಆಗದೇ? ಹೊಸ ಬುಟ್ಟಿಗಳು ಬಂದಿದ್ದವು. ಲೆಕ್ಕ ನೋಡುವ ನೆಪದಲ್ಲಿ ಮಧ್ಯಾಹ್ನ ಉಗ್ರಾಣಕ್ಕೆ ಹೋದೆ. ತಿಕೋಟಾದ ಬುಟ್ಟಿಯ ಬಟ್ಟೆ ಸರಿಸಿದರೆ ಮೇಲೇ ಇತ್ತು: ಎಳ್ಳು, ನಾಲ್ಕು ಬೆರಳು. ಒಂದಲ್ಲ, ಹತ್ತಿಪ್ಪತ್ತು. ಎರಡನ್ನು ಎತ್ತಿ ಅಂಗಿಯೊಳಗೆ ಸೇರಿಸುತ್ತಿದ್ದೆ. ಬಾಗಿಲಲ್ಲಿ ಅದೇ ಹುಡುಗ, ಬಡಿಸುವ ಬುಟ್ಟಿ ಒಯ್ಯಲು ಬಂದವನು.

ಅವನ ಮುಖದಲ್ಲಿ ಕುಹಕ ಇರಲಿಲ್ಲ. ಕಣ್ಣರಳಿಸಿ, ದೊಡ್ಡ ಸಂತೋಷದಿಂದ ಕೇಳಿದ: "ನಿಮ್ದೂ ಸಿಕ್ತೇನ್ರಿ ಸರ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೊಟ್ಟಿ ತಿರುಗಿ ಬುಟ್ಟಿಯಲ್ಲಿಟ್ಟು ನೆಟ್ಟಗೆ ಅಜ್ಜಾರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನೌಕರಿ ಹೋಯಿತೆಂದೇ ತಿಳಿದಿದ್ದೆ. ನೌಕರಿ ಹೋದರೆ ಖೋಲಿ ಎಲ್ಲಿಯದು, ಹೆಂಡತಿಯನ್ನು ಕರೆತರುವುದು ಎಲ್ಲಿಯ ಮಾತು?

ಅಜ್ಜಾರು ಕೇಳಿದರು: "ಹುಡುಗಗ ಎಷ್ಟ ದಿನಾ ಕೊಟ್ಟಿದ್ದಿ?"

"ಎಂಟ ರೀ ಅಜ್ಜಾರ."

"ನಿನಗ?"

"ನನಗೂ ಎಂಟ ರೀ."

"ಆತು. ನಡಿ, ಪಂಕ್ತಿ ಕುಂತೈತಿ."

ಎಂಟು ದಿನ ಬುಟ್ಟಿ ಹೊತ್ತು ಪಂಕ್ತಿಯಲ್ಲಿ ನಡೆದೆ. "ಸರ, ಇಲ್ಲೊಂದು ರೀ", "ಸರ, ಬ್ಯಾಳಿ ಹಾಕ್ರಿ" ಎಂದು ಹುಡುಗರು ಮೊದಲ ದಿನ ಮುಸಿಮುಸಿ ನಕ್ಕರು, ಮೂರನೆಯ ದಿನಕ್ಕೆ ಮರೆತರು. ನಾಲ್ಕು ಬೆರಳಿನ ರೊಟ್ಟಿ ಎಷ್ಟೋ ಸಲ ಕೈಗೆ ಬಂತು. ಯಾರ ಸರದಿಯೋ ಅವರ ತಟ್ಟೆಗೆ ಹಾಕಿದೆ. ಅರಕೇರಿಯ ಹುಡುಗನಿಗೂ ಒಂದು ಹೋಯಿತು. ಅವನು ಅದನ್ನು ಹಪ್ಪಳದ ಹಾಗೆ ಮುರಿದು ಹಿಂಡಿ ಚಟ್ನಿ ಹಚ್ಚಿ ತಿಂದ. ನನ್ನ ಪಾಲಿಗೆ ಬುಟ್ಟಿಯ ಬುಡ. ಬೆರಳು ದಪ್ಪದವು, ಅಂಚು ಸೀಳಿದವು, ಒಂದು ಕಡೆ ಹೊತ್ತಿದವು. ಅಡಿಗೆಯ ಮುದುಕ ನೋಡಿ ಹೇಳಿದ: "ಮಾಸ್ತರ, ಯಾವ ಪುಣ್ಯಾತಗಿತ್ತಿ ಮಾಡ್ಯಾಳ್ರಿ ಇದನ್ನ? ಶೆಗಣಿ ಕುಳ್ಳ ತಟ್ಟಿದಂಗ ತಟ್ಯಾಳಲ್ಲ!" ನಾನೂ ನಕ್ಕೆ. ದವಡೆ ನೋಯುವಷ್ಟು ಅಗಿದು ತಿಂದೆ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅಜ್ಜಾರು ಕರೆದರು. "ತಿಕೋಟಾಕ್ಕ ಹೋಗಿ ಈ ಸಲ ನೀನ ಬುಟ್ಟಿ ಹೊಂದಿಸಿಕೊಂಡ ಬಾ. ನಾಳಿಗಿ ಬಂಡಿ ಕೂಡ ಬರಬೇಕು. ಸಂಜಿ ಪ್ರಾರ್ಥನಾಕ್ಕ ಇಲ್ಲಿರಬೇಕು." ಮೋಟಾರು ಹಿಡಿದು ಹೋದೆ.

ಅತ್ತೆಯ ಮನೆಯ ಪಡಸಾಲೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ನನ್ನನ್ನು ಕಂಡು ಅತ್ತೆ ಸೆರಗು ಎಳೆದುಕೊಂಡರು, ಕೈ ಮಾತ್ರ ನಿಲ್ಲಲಿಲ್ಲ. ಪಟಪಟ ಬಡಿದು, ಹಂಚಿಗೆ ಹಾಕುವ ಮೊದಲು ಅಂಚಿಗೆ ನಾಲ್ಕು ಬೆರಳು ಒತ್ತಿದರು.

ಹನ್ನೊಂದು ದಿನ ನಾನು ಬೆರಳಿಟ್ಟು ನೋಡಿದ್ದು ಅತ್ತೆಯ ಗುರುತಿನ ಮೇಲೆ!

ಪಕ್ಕದ ಒಲೆಯ ಮುಂದೆ ಅವಳು. ಮೂಗಿನ ಮೇಲೆ ಹಿಟ್ಟು, ಕಣ್ಣಲ್ಲಿ ಹೊಗೆಯ ನೀರು. ಎದುರಿಗೆ ಅವಳು ಬಡಿದ ರೊಟ್ಟಿಗಳ ಸಾಲು: ಬೆರಳು ದಪ್ಪ, ಅಂಚು ಸೀಳಿದ್ದು, ಒಂದು ಕಡೆ ಹೊತ್ತಿದ್ದು.

ಅತ್ತೆ ನೀರು ತರಲು ಎದ್ದಾಗ ಕೇಳಿದೆ, "ಇವನ್ನೂ ಮಠಕ್ಕ ಕಳಸತೀರೇನು?"

ಅವಳು ತಲೆ ಎತ್ತಲಿಲ್ಲ. "ಅವ್ವ ಬ್ಯಾಡ ಅಂತಾಳ್ರಿ. ನಾನ ಬುಡಕ್ಕ ಇಡತೇನಿ. ನೀವು ಅಲ್ಲೇ ಉಣ್ಣತೀರಲ್ಲ, ಎಂದಾರ ಒಂದ ದಿನ ಬರತೈತಿ ಅಂತ." ಆಮೇಲೆ ಮೆಲ್ಲಗೆ, "ಬಂದಿತ್ತೇನ್ರಿ?"

"ಎಂಟ ದಿನಾ ಬಂದಿತ್ತು."

"ಹ್ಯಾಂಗ ಇತ್ರಿ?"

"ನನ್ನ ಹಲ್ಲ ಗಟ್ಟಿ ಅದಾವು."

ಅವಳು ನಕ್ಕಿದ್ದು ಒಲೆಯ ಕಡೆ ತಿರುಗಿ. ನನಗೆ ಕಂಡಿದ್ದು ಬೆನ್ನು ಮಾತ್ರ.

ಮರುದಿನ ಬಂಡಿಯ ಮೇಲೆ ಬುಟ್ಟಿಗಳ ನಡುವೆ ಕುಳಿತು ವಿಜಾಪುರಕ್ಕೆ ಬಂದೆ. ಶಿಕ್ಷೆ ಮುಗಿದಿತ್ತು, ಆದರೂ ಕೊನೆಗೇ ಉಣ್ಣತೊಡಗಿದೆ. ಎರಡು ತಿಂಗಳಾದ ಮೇಲೆ ಅಜ್ಜಾರು ನನ್ನ ತಟ್ಟೆಯ ಮುಂದೆ ನಿಂತರು.

"ಎಂಟ ದಿನಾ ಇನ್ನೂ ಮುಗದಿಲ್ಲೇನೋ ಮಾಸ್ತರ?"

"ರೂಢಿ ಆಗೇತ್ರಿ ಅಜ್ಜಾರ."

ಅವರು ಹೊತ್ತಿದ ರೊಟ್ಟಿಯನ್ನು ನೋಡಿದರು. "ಯಾರಿಗೂ ಬ್ಯಾಡಾದ್ದನ್ನ ತಿಂದ್ರ ಆರಿಸಿಕೊಂಡಂಗ ಆಗೂದಿಲ್ಲ ಬಿಡು" ಎಂದು ಮುಂದೆ ಹೋದರು.

ಮರುವರ್ಷ ಬೇರೆ ಸಾಲೆಯಲ್ಲಿ ಕೆಲಸ ಸಿಕ್ಕು, ಸ್ಟೇಷನ್ ರಸ್ತೆಯ ಹಿಂದೆ ಖೋಲಿ ಹಿಡಿದು ಅವಳನ್ನು ಕರೆತಂದೆ. ದಿನಾ ಬಡಿದು ಬಡಿದು ಅವಳ ಕೈ ಪಳಗಿತು. ತಾಯಿಯ ರೊಟ್ಟಿಗಿಂತ ತೆಳ್ಳಗಾಯಿತು, ಓಣಿಯ ಹೆಂಗಸರು ಕಲಿಯಲು ಬರುವಷ್ಟು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಒಂದು ದಿನ ಕೇಳಿದೆ: "ಆ ಬುಡದ ರೊಟ್ಟಿ ಒಂದ ಮಾಡ ನೋಡೂಣು."

ಪರಾತಕ್ಕೆ ಹಿಟ್ಟು ಹಾಕಿ ಪ್ರಯತ್ನಪಟ್ಟಳು. ಎಷ್ಟು ಬೇಡವೆಂದರೂ ಕೈ ತನ್ನಷ್ಟಕ್ಕೆ ತೆಳ್ಳಗೆ ಬಡಿಯಿತು. "ಈಗ ಬರೂದಿಲ್ರಿ ಅದು" ಎಂದು ನಕ್ಕಳು, ಈ ಸಲ ನನ್ನ ಕಡೆಗೇ ತಿರುಗಿ.

ಅವಳು ಹೋಗಿ ಇದು ಮೂರನೆಯ ವರ್ಷ. ಸೊಸೆಯ ರೊಟ್ಟಿಗೆ ಕುಂದು ಹೇಳುವಂತಿಲ್ಲ; ತನ್ನ ಅತ್ತೆಯಿಂದಲೇ ಕಲಿತದ್ದು. ಎಲ್ಲರ ಊಟವಾದ ಮೇಲೆ ಬುಟ್ಟಿ ಎಳೆದುಕೊಂಡು ಬಟ್ಟೆ ಸರಿಸುತ್ತೇನೆ. ಮೇಲಿನಿಂದ ಬುಡದ ತನಕ ಎಲ್ಲವೂ ಒಂದೇ ಸಮ, ತೆಳ್ಳಗೆ. ಒಂದೊಂದಾಗಿ ಎತ್ತಿ ನೋಡುವುದನ್ನು ಮಾತ್ರ ನಾನಿನ್ನೂ ಬಿಟ್ಟಿಲ್ಲ.