ಪಕ್ಕದ ಸೀಟಿನ ತಲೆ

ಕಳೆದ ಮಾರ್ಚ್ ತಿಂಗಳ ಮೊದಲ ಶನಿವಾರ, ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ದಿನಸಿ ಅಂಗಡಿಯಲ್ಲಿ ನನ್ನ ಗೆಳೆಯ ಪ್ರಶಾಂತ ಒಂದು ತೆಂಗಿನಕಾಯಿ ಕೊಂಡ. ಅದು ಅವನ ಕಾರಿಗಾಗಿ. ಕೌಂಟರಿನಲ್ಲಿದ್ದ ತುಮಕೂರಿನ ಹುಡುಗಿ, "ಹೊಸ ಗಾಡಿ ಪೂಜೆನಾ ಅಂಕಲ್?" ಎಂದು ಕೇಳಿದಳು.

"ಪೂಜೆ ಅಲ್ಲಮ್ಮ, ಟೆಸ್ಟಿಂಗು."

ಅವಳು ಮುಂದೆ ಕೇಳಲಿಲ್ಲ. ಐಟಿಯವರು ಏನನ್ನು ಬೇಕಾದರೂ ಟೆಸ್ಟ್ ಮಾಡಬಲ್ಲರೆಂಬುದು ಆ ಅಂಗಡಿಯಲ್ಲಿ ಗೊತ್ತಿರುವ ಸಂಗತಿ.

ಕಾರಿನ ಬಗ್ಗೆ ಹೇಳಬೇಕು. ಅದು ಶೋರೂಮಿನಿಂದ ಬಂದದ್ದಲ್ಲ. ಮರದ ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಾಗಿ ಬಂತು. ವಾರವಿಡೀ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಕಣ್ಣಿಗೆ ಕಾಣದ ಸಾಫ್ಟ್‌ವೇರ್ ಜೋಡಿಸುವ ಪ್ರಶಾಂತ, ರಜೆಯ ದಿನಗಳಲ್ಲಿ ಮನೆಯ ಗ್ಯಾರೇಜಿನಲ್ಲಿ ಕೈಗೆ ಸಿಗುವ ಈ ವಸ್ತುವನ್ನು ಜೋಡಿಸಿದ. ಎರಡೇ ಸೀಟು. ಚಾವಣಿ ಇಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದನ್ನು ಹತ್ತುವುದಿಲ್ಲ, ಅದರೊಳಕ್ಕೆ ಇಳಿಯುತ್ತೇವೆ. ಇಂಥ ಕಾರು ರಸ್ತೆಗೆ ಬರಬೇಕಾದರೆ ಲೈಸೆನ್ಸ್ ಇರುವ ಎಂಜಿನಿಯರೊಬ್ಬರು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅದು ಗ್ಯಾರೇಜಿನ ಸಾಮಾನು, ಹಳೆಯ ವಾಷಿಂಗ್ ಮಷಿನ್ನಿನ ಹಾಗೆ.

ಅವಸರವಿತ್ತು. ಪ್ರಶಾಂತನ ಹೆಂಡತಿ ವಸುಧಾ ಫಿಸಿಯೋಥೆರಪಿಸ್ಟ್. ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಏಪ್ರಿಲ್ ಕೊನೆಗೆ ಸಿಡ್ನಿಯ ಮನೆ ಬಿಡಬೇಕು. ಮೆಲ್ಬರ್ನಿನಲ್ಲಿ ರಾಜ್ಯ ಬೇರೆ, ನಿಯಮ ಬೇರೆ, ಎಂಜಿನಿಯರೂ ಬೇರೆ. ಇಲ್ಲೇ ನಂಬರ್ ಸಿಕ್ಕರೆ ಸರಿ, ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

"ಇನ್ನೊಂದ್ ಸಲ ಶುರು ಮಾಡೋ ಶಕ್ತಿ ನಂಗಿಲ್ಲ ಕಣೋ. ಪಾಸಾಗ್ಲಿಲ್ಲ ಅಂದ್ರೆ ಮಾರ್ಬಿಡ್ತೀನಿ," ಎಂದಿದ್ದ.

ವಸುಧಾ ಆ ಕಾರಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಕೇಳಿದರೆ, "ಕಾರು ಅವ್ರದ್ದು. ಮಳೇಲಿ ಬಟ್ಟೆ ಒಣಗ್ಸೋ ಜಾಗ ಹೋಯ್ತಲ್ಲ, ಅದು ನನ್ನ ಪಾಲು," ಎನ್ನುತ್ತಿದ್ದಳು.

ಇನ್ನು ತೆಂಗಿನಕಾಯಿ. ಡಿಕ್ಕಿಯಾದಾಗ ತಲೆ ಬಡಿಯಬಹುದಾದ ಜಾಗದಲ್ಲಿ ಚೂಪು ಅಂಚಾಗಲಿ, ಮುಂದಕ್ಕೆ ಚಾಚಿದ ಸ್ವಿಚ್ಚಾಗಲಿ ಇರಬಾರದು ಎಂಬುದು ಒಂದು ನಿಯಮ. ಚಾಲಕನ ಕಡೆಗೆ ಪ್ರಶಾಂತನ ಸ್ವಂತ ತಲೆಯಿತ್ತು. ಪಕ್ಕದ ಸೀಟಿಗೆ ಅವನು ಒಂದು ಕೋಲಿನ ತುದಿಗೆ ಕಾಯಿ ಕಟ್ಟಿ, ಅದನ್ನು ಡ್ಯಾಶ್‌ಬೋರ್ಡಿನ ಕಡೆಗೆ ಬಾಗಿಸಿ ಬಾಗಿಸಿ ನೋಡಿದ. ತಗುಲಿದ ಕಡೆಯಲ್ಲೆಲ್ಲ ಅರದಿಂದ ಉಜ್ಜಿದ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದೆ. ನನ್ನ ತಾಂತ್ರಿಕ ಯೋಗ್ಯತೆ ಅಷ್ಟು.

ನಮ್ಮಲ್ಲಿ ತೆಂಗಿನಕಾಯಿ ತಲೆಯ ಬದಲಿಗೆ ನಿಂತ ಚರಿತ್ರೆ ಹಳೆಯದು. ಜುಟ್ಟಿದೆ, ಕಣ್ಣಿದೆ, ಗಟ್ಟಿ ಚಿಪ್ಪಿದೆ. ಬಲಿಯ ಜಾಗಕ್ಕೆ ಕಾಯಿ ಬಂತೆಂದು ಹೇಳುವವರಿದ್ದಾರೆ. ಇದನ್ನು ದೃಢಪಡಿಸುವ ಮೂಲ ನನ್ನ ಬಳಿ ಇಲ್ಲವಾದ್ದರಿಂದ, ಹಿಂದೆ ಕೆಲಸ ಮಾಡಿದ ಪತ್ರಿಕೆಯ ಡೆಸ್ಕಿನಲ್ಲಿ ಕಲಿತಂತೆ 'ಎನ್ನಲಾಗಿದೆ' ಎಂದು ಸೇರಿಸುತ್ತೇನೆ. ಕಾಯಿ ಒಡೆಯದಿರಲಿ ಎಂದು ಹಾರೈಸುತ್ತ ನಿಂತದ್ದು ಮಾತ್ರ ನನಗೆ ಅದೇ ಮೊದಲು.

ಎಂಜಿನಿಯರ್ ಬಂದರು. ಬ್ರೇಕು, ದೀಪ, ಬೆಲ್ಟು ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಆಮೇಲೆ ಎಡಗಡೆಯ ಸೀಟು ತೋರಿಸಿ, ಇಲ್ಲಿ ಯಾರು ಕೂರುವವರು, ಅವರನ್ನು ಕರೆಯಿರಿ ಎಂದರು. ಪ್ರಶಾಂತ ನನ್ನ ಮುಖ ನೋಡಿದ. ನಾನು ಮನೆಯ ಬಾಗಿಲು ನೋಡಿದೆ.

ವಸುಧಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಅವಳು ಗಂಡನಿಗಿಂತ ನಾಲ್ಕು ಬೆರಳು ಎತ್ತರ. ಗೆಳೆಯರಾದ ನಮಗೆಲ್ಲ ಇದು ಗೊತ್ತು, ಯಾರೂ ಆಡುವುದಿಲ್ಲ. ಎಂಜಿನಿಯರ್ ಹೇಳಿದಂತೆ ಅವಳು ಮುಂದಕ್ಕೆ ಬಾಗಿದಾಗ ಹಣೆ ನೇರವಾಗಿ ಹೋಗಿ ನಿಂತದ್ದು ಉದ್ದ ಕಡ್ಡಿಯ, ಮಿರುಗುವ ಸ್ವಿಚ್ಚುಗಳ ಸಾಲಿನ ಎದುರು.

"ಈ ಕಡೆಗೆ ಯಾರ್ ತಲೆ ಅಳತೆ ಇಟ್ಕೊಂಡ್ರಿ?" ಎಂದಳು, ಬಾಗಿಕೊಂಡೇ.

"ತೆಂಗಿನಕಾಯಿದು."

"ಎಷ್ಟ್ ಎತ್ತರ ಇತ್ತು ಅದು?"

ಪ್ರಶಾಂತ ಹೇಳಿದ: "ನನ್ನಷ್ಟೇ."

ವಸುಧಾ ಜೋರಾಗಿ ನಕ್ಕಳು. ಎಂಜಿನಿಯರ್ ನಗಲಿಲ್ಲ. ಅದನ್ನು ಸರಿಪಡಿಸಿ, ಮತ್ತೆ ಕರೆಯಿರಿ ಎಂದು ಹೇಳಿ ಹೊರಟರು.

ಪ್ರಶಾಂತನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಡೆಸ್ಕಿನಲ್ಲಿ ನಾವು ದಿನವೂ 'ಓದುಗರಿಗೆ ಇದು ಅರ್ಥವಾಗುವುದಿಲ್ಲ', 'ಓದುಗರಿಗೆ ಇದು ಬೇಕು' ಎಂದು ತೀರ್ಮಾನಿಸುತ್ತಿದ್ದೆವು. ಆ ಓದುಗರ ಎತ್ತರ ಸರಿಯಾಗಿ ನಮ್ಮಷ್ಟೇ ಇರುತ್ತಿತ್ತು, ಅಭಿಪ್ರಾಯಗಳೂ ನಮ್ಮವೇ. ಇನ್ನೊಬ್ಬರಿಗಾಗಿ ಏನನ್ನಾದರೂ ಕಟ್ಟುವವನು ಅವರ ಸುರಕ್ಷತೆಯ ಬಗ್ಗೆ ಪ್ರಾಮಾಣಿಕವಾಗಿ ಚಿಂತಿಸುತ್ತಾನೆ, ಹಗಲಿಡೀ ಅಂಚುಗಳನ್ನು ಉಜ್ಜುತ್ತಾನೆ. ಒಳಮನೆಯಲ್ಲಿ ಪಾತ್ರೆ ತೊಳೆಯುತ್ತಿರುವವರನ್ನು ಒಮ್ಮೆ ಕರೆದು ಕೂರಿಸಬೇಕೆಂದು ಮಾತ್ರ ಹೊಳೆಯುವುದಿಲ್ಲ. ಅವಳು ಬರುವುದಿಲ್ಲವೆಂದು ಅವನು ಅಂದುಕೊಂಡಿದ್ದ. ಕರೆಯಲಿಲ್ಲವಲ್ಲ ಎಂದು ಅವಳು ಅಂದುಕೊಂಡಿದ್ದಳು. ಇದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಹಾಗಾಗಿ 'ಎನ್ನಲಾಗಿದೆ' ಬೇಕಿಲ್ಲ.

ಮುಂದಿನ ಎರಡು ವಾರಾಂತ್ಯ ವಸುಧಾ ಆ ಸೀಟಿನಿಂದ ಎದ್ದದ್ದು ಕಡಿಮೆ. ರೋಗಿಗಳ ಕತ್ತು, ಬೆನ್ನು ಎಷ್ಟು ಬಾಗುತ್ತವೆಂದು ಬಲ್ಲವಳು. ಮಾರ್ಕರ್ ಹಿಡಿದು "ಇದು ಇಲ್ಲಿ ಬೇಡ, ಅದೂ ಬೇಡ," ಎಂದು ಗುರುತು ಹಾಕಿದಳು. ಪ್ರಶಾಂತ ಸ್ವಿಚ್ಚುಗಳನ್ನು ಕಿತ್ತು, ಚಪ್ಪಟೆಯವನ್ನು ಕೆಳಗೆ ಕೂರಿಸಿ, ಮೇಲಿನ ಅಂಚಿಗೆ ಮೆತ್ತೆ ಹೊದಿಸಿದ. ಪಕ್ಕದಲ್ಲಿ ಕೂತವರ ಮಂಡಿ ತಗುಲುತ್ತಿದ್ದ ಒಂದು ಕಬ್ಬಿಣದ ಪಟ್ಟಿಯನ್ನೂ ಅವಳು ಹುಡುಕಿಕೊಟ್ಟಳು. ಅದು ಎಂಜಿನಿಯರ್ ಕಣ್ಣಿಗೂ ಬಿದ್ದಿರಲಿಲ್ಲ.

ಏಪ್ರಿಲ್ ಮೂರನೇ ವಾರ ಸರ್ಟಿಫಿಕೇಟ್ ಸಿಕ್ಕಿತು; ಮನೆ ಬಿಡುವ ಮುನ್ನ ನಂಬರ್ ಪ್ಲೇಟೂ ಬಂತು. ಸಾಮಾನಿನ ಲಾರಿಯನ್ನು ಮುಂದೆ ಕಳಿಸಿ ಇಬ್ಬರೂ ಕಾರಿನಲ್ಲೇ ಮೆಲ್ಬರ್ನಿಗೆ ಹೊರಟರು. ಮಧ್ಯಾಹ್ನ ದಾರಿಯ ಗೌಲ್ಬರ್ನ್ ಊರು ದಾಟಿದ ಮೇಲೆ ಪ್ರಶಾಂತನ ಮೆಸೇಜ್ ಬಂತು. ಮಳೆ ಹಿಡಿದಿದೆ, ಇಬ್ಬರೂ ಪೂರ್ತಿ ನೆನೆದಿದ್ದಾರೆ, ಎಲ್ಲಿಯೂ ನಿಲ್ಲಿಸಿಲ್ಲ, ಓಡಿಸುತ್ತಿರುವುದು ವಸುಧಾ.