ಹುಣಸೆಹಣ್ಣು ತಾಗಿದ ಮುತ್ತು

ಅಕ್ಕ ಹೋಳೂರಿನ ತನ್ನ ಕೃಷಿ ಹೊಂಡದಲ್ಲಿ ಮುತ್ತು ಬೆಳೆಯುತ್ತೇನೆ ಎಂದಾಗ ಮೊದಲು ನಕ್ಕವಳು ನಾನೇ. "ಹಿಪ್ಪುನೇರಳೆ ಬಿಟ್ಟು ಕಪ್ಪೆಚಿಪ್ಪು ಸಾಕ್ತೀಯಾ? ಕೊನೆಗೆ ಕೈಗೆ ಚಿಪ್ಪೇ ಕಣಕ್ಕ" ಎಂದಿದ್ದೆ. ಅವಳು ಬೈಯಲಿಲ್ಲ. ತರಬೇತಿಗೆ ಹೋಗಿ ಬಂದಳು. ಚಿಪ್ಪುಗಳ ಬಾಯಿಯನ್ನು ಚೂರೇ ಚೂರು ತೆರೆದು ಮುತ್ತು ಕಟ್ಟಲೆಂದು ಒಳಗೆ ಪುಟ್ಟ ಮಣಿ ಇಟ್ಟು, ಬಲೆಚೀಲಗಳಲ್ಲಿ ತುಂಬಿ ನೀರಿಗೆ ಇಳಿಬಿಟ್ಟಳು. ಒಂದೂವರೆ ವರ್ಷ ಕಾದಳು.

ಚಿಪ್ಪು ಬಿಡಿಸಿದ ದಿನ ನಾನೂ ಇದ್ದೆ. ಎಷ್ಟೋ ಚಿಪ್ಪುಗಳು ಸತ್ತೇ ಹೋಗಿದ್ದವು. ಸಿಕ್ಕ ಮುತ್ತುಗಳೂ ಸುಣ್ಣ ಬಳಿದಂತೆ ಬೆಳ್ಳಗೆ, ಸಪ್ಪೆ. ಒಂದು ಮಾತ್ರ ಬೇರೆ. ಆಗತಾನೆ ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಮಿಂಚುತ್ತಿತ್ತು. ತಿರುಗಿಸಿದರೆ ಒಂದು ಮಗ್ಗುಲಲ್ಲಿ ನೇರಳೆ ಛಾಯೆ. ಕೊಳ್ಳಲು ಬಂದ ವ್ಯಾಪಾರಿ ಮಿಕ್ಕಿದ್ದನ್ನೆಲ್ಲ ಪಕ್ಕಕ್ಕೆ ಸರಿಸಿ ಅದನ್ನೇ ಎತ್ತಿಕೊಂಡ. "ಸಿಹಿನೀರಿನ ಮುತ್ತಲ್ಲಿ ಈ ಥರ ಲೋಹದ ಹೊಳಪು ಬರೋದು ಭಾಳ ಅಪರೂಪ ಅಮ್ಮ, ಕೊಡಿ" ಅಂದ. ಅಕ್ಕ ಕೊಡಲಿಲ್ಲ. ಕೋಲಾರದ ನಮ್ಮ ಮನೆಗೆ ತಂದು ಅಮ್ಮನ ಅಂಗೈಯಲ್ಲಿಟ್ಟಳು.

"ನೋಡಮ್ಮ, ನಿನ್ ಮುಖ ಕಾಣ್ತೈತೆ."

ನಿಜವಾಗಿಯೂ ಕಾಣುತ್ತಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದರು.

ಮರುವರ್ಷ ಅಕ್ಕನಿಗೆ ಕಾಮಾಲೆ ಬಂತು. ಹದಿನೈದೇ ದಿನ, ಹೋಗಿಬಿಟ್ಟಳು.

ಅಮ್ಮ ಮುತ್ತನ್ನು ಹತ್ತಿಯಲ್ಲಿ ಸುತ್ತಿ ಕುಂಕುಮದ ಬಟ್ಟಲ ಪಕ್ಕ ಇಟ್ಟುಕೊಂಡಿದ್ದಳು. ದಿನಾ ಬೆಳಗ್ಗೆ ಕಿಟಕಿಯ ಹತ್ತಿರ ಹಿಡಿದು ನೋಡುವಳು. ಕೆಲವು ತಿಂಗಳಾದ ಮೇಲೆ, "ಯಾಕೋ ಮಂಕಾಗ್ತೈತೆ ಕಣೇ" ಎನ್ನತೊಡಗಿದಳು. ಮುತ್ತು ಮಂಕಾಗಿರಲಿಲ್ಲ. ಅಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು. ಆಸ್ಪತ್ರೆ ಎಂದರೆ ಅವಳು ಕೇಳಲಿಲ್ಲ, ನಾನೂ ಸಾಕಷ್ಟು ಒತ್ತಾಯ ಮಾಡಲಿಲ್ಲ. ಆ ತಪ್ಪು ನನ್ನದೇ.

ಅಕ್ಕನ ವರ್ಷದ ತಿಥಿಯ ಹಿಂದಿನ ದಿನ ಅಮ್ಮ ಹಿತ್ತಲಲ್ಲಿ ಕೂತು ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದಳು. ನಾನು ಹೋಗಿ ನೋಡಿದರೆ ಬೆರಳುಗಳ ನಡುವೆ ಮುತ್ತು! ಲೋಹದ ಹೊಳಪಲ್ಲವೇ, ಲೋಹಕ್ಕೆ ಮಾಡುವುದನ್ನೇ ಅದಕ್ಕೂ ಮಾಡಿದ್ದಳು. ಹುಳಿಯೂ ಬೂದಿಯೂ ಸೇರಿ ಮೇಲ್ಪದರವನ್ನು ತಿಂದು ಹಾಕಿದ್ದವು. ಕಿತ್ತುಕೊಂಡು ನೀರಲ್ಲಿ ತೊಳೆದೆ. ಬೇಯಿಸಿದ ಕಾಳಿನಂತೆ ಉಳಿದಿತ್ತು.

"ಹೊಳಪು ಬಂತೇನೇ?" ಅಮ್ಮ ಕೇಳಿದಳು.

ಮೂಗಿನ ತುದಿಯಲ್ಲೇ ಕೋಪ ಇರುವ ಹೆಂಗಸು ನಾನು. ಬೈಗುಳ ನಾಲಿಗೆಯ ತನಕ ಬಂದಿತ್ತು. ಅಮ್ಮ ನಾನು ಅಲ್ಲಿದ್ದೇನೆಂದುಕೊಂಡು ಪಕ್ಕದ ಗೋಡೆಯತ್ತ ಮುಖ ಮಾಡಿ ಕಾಯುತ್ತಿದ್ದಳು.

"ಬಂತಮ್ಮ. ಚೆನ್ನಾಗಿ ಬಂತು. ನಿನ್ ಕಣ್ಣಿಗೇ ಕಾಣ್ತಿಲ್ಲ" ಅಂದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನನ್ನ ಸುಳ್ಳು ನನಗೇ ಉರುಳಾಯಿತು. ಅಮ್ಮ ಈಗ ಆಪರೇಷನ್ ಆಗಲೇಬೇಕೆಂದು ಹಟ ಹಿಡಿದಳು. "ಅವಳ ಮುತ್ತು ನೋಡ್ಬೇಕು, ಕರ್ಕೊಂಡೋಗೇ" ಎಂದು ದಿನಾ ಗೋಗರೆಯುವಳು. ಮುಂದೂಡುವ ಸರದಿ ನನ್ನದು. ಬಿಸಿಲು ಜಾಸ್ತಿ ಅಂದೆ, ಮದುವೆ ಮನೆ ಇದೆ ಅಂದೆ. ಎಷ್ಟು ದಿನ ನೆಪ ಹೇಳಲಿ? ಕೊನೆಗೆ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿಸಿಕೊಂಡು ಬಂದ ಮರುದಿನ ಬೆಳಗ್ಗೆ ಅಮ್ಮ ಮುತ್ತನ್ನು ಕೇಳಿದಳು. ಕಿಟಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ತುಂಬ ಹೊತ್ತು ನೋಡಿದಳು. ನಾನು ನೆಲ ನೋಡುತ್ತಾ ನಿಂತಿದ್ದೆ.

"ಚೆನ್ನಾಗಿ ಹೊಳೀತೈತೆ ಕಣೇ" ಅಂದಳು. "ಒಳಗಿಡು."

ಅಮ್ಮ ಮತ್ತೆ ಅದನ್ನು ಕೇಳಲಿಲ್ಲ. ಆ ವಾರ ದೀಪ ತೊಳೆಯುವ ದಿನ ಹುಣಸೆಹಣ್ಣಿನ ಬಟ್ಟಲನ್ನು ನನ್ನ ಮುಂದೆ ಇಟ್ಟು, "ಇನ್ಮೇಲೆ ಇದು ನಿನ್ ಕೆಲ್ಸ" ಎಂದು ಒಳಗೆ ಹೋದಳು. ಅಂದಿನಿಂದ ಅವಳು ಹುಣಸೆಹಣ್ಣು ಮುಟ್ಟಿಲ್ಲ. ಸಾರಿಗೂ ನಾನೇ ಕಿವುಚಿ ಹಾಕುತ್ತೇನೆ.