ಕೊಡುವ ಕಲ್ಲು, ತಗೊಳ್ಳುವ ಕಲ್ಲು

ಹಿಂದೂಪುರದ ಒಂದು ಹುಣಸೆ ಮಂಡಿಯಲ್ಲಿ ಹಂಪಮ್ಮ ವಯಸ್ಸಿದ್ದಾಗ ಮಾಡುತ್ತಿದ್ದ ಕೆಲಸ ಇಷ್ಟೇ. ತಕ್ಕಡಿಯ ತಟ್ಟೆಗೆ ಕಲ್ಲು ಎತ್ತಿ ಇಡುವುದು, ಇಳಿಸುವುದು. ಅರ್ಧ ಮಣದ ಕಲ್ಲು, ಹಿಡಿಯಲು ಮೇಲೊಂದು ಕಬ್ಬಿಣದ ಬಳೆ. ಬೆಳಿಗ್ಗೆ ಮುಂಬಾಗಿಲಲ್ಲಿ ಹೆಂಗಸರಿಗೆ ಸಿಪ್ಪೆ ಸಮೇತ ಹುಣಸೆ ತೂಗಿ ಕೊಡುವಾಗ ಒಂದು ಕಲ್ಲು. ಅವರು ಅದನ್ನು ಮನೆಗೆ ಹೊತ್ತು, ಕುಟ್ಟಿ, ಹಣ್ಣು, ಬೀಜ, ನಾರು, ಸಿಪ್ಪೆ ಅಷ್ಟನ್ನೂ ವಾಪಸು ತಂದಾಗ ಹಿತ್ತಲಲ್ಲಿ ಇನ್ನೊಂದು ಕಲ್ಲು. ನೋಡಲು ಎರಡೂ ಒಂದೇ ತರಹ. ಎರಡನ್ನೂ ಒಟ್ಟಿಗೆ ಒಂದೇ ಕಡೆ ಕಂಡವರಿಲ್ಲ.

ಹಿತ್ತಲ ಕಲ್ಲು ಭಾರ ಅಂತ ಹಂಪಮ್ಮನ ಕೈಗೆ ಮೊದಲ ವಾರವೇ ಗೊತ್ತಾಗಿತ್ತು.

ಕೊಡುವಾಗ ಹಗುರದ ಕಲ್ಲು, ತಗೊಳ್ಳುವಾಗ ಭಾರದ ಕಲ್ಲು. ತಂದವಳ ಮೂಟೆ ಯಾವಾಗಲೂ ಕಮ್ಮಿ ತೂಗದೆ ಇನ್ನೇನಾದೀತು? ಮಂಡಿಯ ಯಜಮಾನರು, ಊರೆಲ್ಲ ದೊಡ್ಡಯ್ಯ ಅನ್ನುತ್ತಿದ್ದವರು, 'ಮಧ್ಯೆ ಕದ್ದಿದ್ದೀರಿ' ಎಂದು ಗದರುತ್ತಿದ್ದರು. ಹೆಂಗಸರೂ ಬುದ್ಧಿವಂತರೇ. ಬರುವ ದಾರಿಯಲ್ಲಿ ಹಣ್ಣಿಗೆ ನೀರು ಚಿಮುಕಿಸಿಯೋ, ಸಿಪ್ಪೆಗೆ ಒಂದು ಹಿಡಿ ಮಣ್ಣು ಬೆರೆಸಿಯೋ ತೂಕ ಸರಿದೂಗಿಸಿಕೊಳ್ಳುತ್ತಿದ್ದರು. ಅದನ್ನು ಮಾಡದವಳು ಚಿನ್ನಕ್ಕ ಒಬ್ಬಳೇ. ತಿನ್ನೋ ಪದಾರ್ಥಕ್ಕೆ ಮಣ್ಣು ಹಾಕಲಾರೆ ಎನ್ನುತ್ತಿದ್ದಳು. ಹೀಗೆ ಮಂಡಿಯಲ್ಲೆಲ್ಲ ಪ್ರಾಮಾಣಿಕಳಾದ ಹೆಂಗಸೇ ಕಳ್ಳಿಯಾದಳು.

ಮೂರನೇ ಸಲ ತೂಕ ಕಮ್ಮಿ ಬಂದ ದಿನ ದೊಡ್ಡಯ್ಯ ಅವಳ ತಲೆಯ ಮೇಲೆ ಹುಣಸೆ ಗಂಟು ಹೊರಿಸಿ, ಸಂತೆ ಮುಗಿಯುವ ತನಕ ಗೇಟಿನಲ್ಲಿ ನಿಲ್ಲಿಸಿದರು. ಚಿನ್ನಕ್ಕ ಅಳಲಿಲ್ಲ. ತಕ್ಕಡಿಯ ಪಕ್ಕ ನಿಂತಿದ್ದ ಹಂಪಮ್ಮನನ್ನೇ ನೋಡುತ್ತಿದ್ದಳು. ಹಂಪಮ್ಮ ತಲೆ ಬಗ್ಗಿಸಿದಳು. ಮಡಿಲಲ್ಲಿ ಮೊಲೆ ಕುಡಿಯುವ ಮಗು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಬಾಯಿ ಬಿಟ್ಟರೆ ಮಾರನೇ ದಿನ ಒಲೆ ಹತ್ತುತ್ತಿರಲಿಲ್ಲ. ಅದೇ ವಾರ ಚಿನ್ನಕ್ಕ ಊರು ಬಿಟ್ಟು ಕಲ್ಯಾಣದುರ್ಗದ ತವರಿಗೆ ಹೋದಳು. ಹುಣಸೆ ಕಳ್ಳಿ ಅನ್ನುವ ಹೆಸರು ಅವಳಿಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು.

ಇದಾಗಿ ಮೂವತ್ತಮೂರು ವರ್ಷ. ಎರಡು ಸಾವಿರದ ಐದರಲ್ಲಿ ಪುರಸಭೆ ಚುನಾವಣೆ ಹತ್ತಿರ ಬಂದಾಗ ದೊಡ್ಡಯ್ಯನ ಮೊಮ್ಮಗ ಹರಿಕೃಷ್ಣನಿಗೆ ತಾತನ ನೆನಪು ಉಕ್ಕಿ ಬಂತು. ಹಳೇ ಮಂಡಿಗೆ ಸುಣ್ಣ ಹೊಡೆಸಿ ಮ್ಯೂಸಿಯಂ ಮಾಡಿದ. ತಾತನ ಪೇಟ, ಕನ್ನಡಕ, ಊರುಗೋಲು, ಎಲೆಯಡಿಕೆ ಪೆಟ್ಟಿಗೆ. ಉದ್ಘಾಟನೆಗೆ ಪತ್ರಿಕೆಯವರು, ಕೇಬಲ್ ಟಿ.ವಿ.ಯವರು. ಹಳೇ ಕೆಲಸಗಾರ್ತಿ ಒಬ್ಬಳಿಗೆ ಸೀರೆ ಕೊಟ್ಟು ಸನ್ಮಾನ ಮಾಡಿದರೆ ಫೋಟೋ ಚೆನ್ನಾಗಿ ಬರುತ್ತದೆಂದು ಯಾರೋ ಹೇಳಿದ್ದರು. ಬದುಕಿದ್ದವಳು, ಅದೂ ಕರೆದರೆ ಬರುವಷ್ಟು ಹತ್ತಿರ ಇದ್ದವಳು, ಹಂಪಮ್ಮ.

ಅವಳ ಮಗ ಓಬುಳೇಶ ಹರಿಕೃಷ್ಣನ ಕೋಲ್ಡ್ ಸ್ಟೋರೇಜಿನಲ್ಲೇ ಕೆಲಸಕ್ಕಿದ್ದ. ಹೊರಡುವಾಗ ಎರಡೆರಡು ಸಲ ಹೇಳಿದ. "ಅಮ್ಮಾ, ಹಳೇದೆಲ್ಲ ಕೆದಕಬ್ಯಾಡ. ಸೀರೆ ಈಸ್ಕೊ, ಕೈ ಮುಗಿ, ಬಂದ್ಬುಡು. ನನ್ನ ಅನ್ನ ಐತೆ ಅಲ್ಲಿ."

"ನಾನೇನ್ಲಾ ಕೆದಕ್ತೀನಿ?" ಅಂದಳು ಹಂಪಮ್ಮ. ಅನ್ನುವಾಗ ಅದು ನಿಜವೇ ಆಗಿತ್ತು.

ಮಂಡಿಯ ಒಳಗೆ ಕಾಲಿಟ್ಟವಳು ತಕ್ಕಡಿಯ ಮುಂದೆ ನಿಂತುಬಿಟ್ಟಳು. ಅದೇ ಹಳೇ ತಕ್ಕಡಿ, ಎಣ್ಣೆ ಹಾಕಿ ಒರೆಸಿ ತೂಗುಹಾಕಿದ್ದರು. ಕೆಳಗೆ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಎರಡು ಕಲ್ಲನ್ನೂ ಅಕ್ಕಪಕ್ಕ ಕೂರಿಸಿದ್ದರು, ಕುಂಕುಮ ಬೇರೆ ಇಟ್ಟು. ಪಾಪ, ಮೊಮ್ಮಗನಿಗೆ ಏನು ಗೊತ್ತು? ಒಂದು ಮುಂಬಾಗಿಲಲ್ಲಿ ಸಿಕ್ಕಿತು, ಒಂದು ಹಿತ್ತಲಲ್ಲಿ. ಜೋಡಿ ಅಂದುಕೊಂಡು ಜೊತೆಗಿಟ್ಟಿದ್ದ. ತಾತ ಬದುಕಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ.

"ಏನ್ ಬರ್ದೈತಪ್ಪ ಇಲ್ಲಿ?" ಹಲಗೆ ತೋರಿಸಿ ಕೇಳಿದಳು.

ಪಕ್ಕದಲ್ಲಿದ್ದ ಪತ್ರಿಕೆಯ ವರದಿಗಾರ ರಾಮಾಂಜಿನೇಯ ಓದಿ ಹೇಳಿದ. "ಧರ್ಮದ ತೂಕ. ಅಯ್ಯನವರು ಬಡವರಿಗೆ ಒಂದು ಗುಂಜಿ ಮೋಸ ಮಾಡದೆ ತೂಗಿದ ಕಲ್ಲುಗಳು, ಅಂತ ಕಣಮ್ಮ."

ಬಾಗಿಲ ಹತ್ತಿರ ಓಬುಳೇಶ ಕಣ್ಣಿನಲ್ಲೇ ಬೇಡ ಬೇಡ ಅನ್ನುತ್ತಿದ್ದ. ಅಷ್ಟರಲ್ಲಿ ಹರಿಕೃಷ್ಣ ಸೀರೆಯ ತಟ್ಟೆ ಹಿಡಿದು ಬಂದ. ಕ್ಯಾಮೆರಾಗಳು ತಿರುಗಿದವು.

"ಬಾಮ್ಮಾ ಹಂಪಮ್ಮಾ, ತಾತನ ಬಗ್ಗೆ ಎರಡು ಮಾತು ಹೇಳು."

"ಮಾತು ಬ್ಯಾಡಪ್ಪ. ನಂಗೆ ಬರೋ ಕೆಲ್ಸ ತೋರುಸ್ತೀನಿ."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಹಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಬ್ಬಿಣದ ಬಳೆ ಹಿಡಿದು ಮೊದಲ ಕಲ್ಲನ್ನು ಎತ್ತಿ ಎಡದ ತಟ್ಟೆಗಿಟ್ಟಳು. ಎರಡನೆಯದನ್ನು ಎತ್ತಿದಳು, ಆ ಭಾರವನ್ನು ತೋಳು ಮರೆತಿರಲಿಲ್ಲ. ಬಲದ ತಟ್ಟೆಗಿಟ್ಟು ಕೈ ಬಿಟ್ಟಳು. ಬಲದ ತಟ್ಟೆ ಸೀದಾ ಕೆಳಗೆ ಹೋಯಿತು. ತಕ್ಕಡಿಯ ದಂಡ ಓರೆಯಾಗಿ ನಿಂತಿತು.

ಚಪ್ಪಾಳೆ ನಿಂತುಹೋಯಿತು. ಕ್ಯಾಮೆರಾ ಒಂದು ಕ್ಲಿಕ್ ಅಂದಿತು.

"ಇದು ಕೊಡೋ ಕಲ್ಲು. ಇದು ತಗೊಳ್ಳೋ ಕಲ್ಲು," ಹಂಪಮ್ಮ ಹೇಳಿದಳು. "ಚಿನ್ನಕ್ಕ ಕದೀಲಿಲ್ಲ ಕಣಪ್ಪ. ಕದ್ದಿದ್ದು ಈ ಕಲ್ಲು."

ಹರಿಕೃಷ್ಣ ಒಂದು ಕ್ಷಣ ಬಿಳಿಚಿಕೊಂಡ. ಮರುಕ್ಷಣವೇ ಮೈಕು ಎತ್ತಿಕೊಂಡು, ಅಜ್ಜಿಗೆ ಹಳೆಯ ನೆನಪಿಗೆ ದುಃಖ ಉಕ್ಕಿಬಂದಿದೆ ಎಂದು ಹೇಳಿ, ಎಲ್ಲರನ್ನೂ ಊಟಕ್ಕೆ ಕಳಿಸಿದ. ಸೀರೆ ತಟ್ಟೆಯಲ್ಲೇ ಉಳಿಯಿತು.

ಮಾರನೇ ದಿನ ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೋ ಬಂತು. ನಾಳೆಯಿಂದ ಬರಬೇಡ ಅನ್ನಿಸಿಕೊಂಡು ಬಂದಿದ್ದ ಓಬುಳೇಶ ಅದರ ಅಡಿಯ ಸಾಲನ್ನು ಅಮ್ಮನಿಗೆ ಹಲ್ಲು ಕಚ್ಚಿಕೊಂಡೇ ಓದಿ ಹೇಳಿದ. "ಯಜಮಾನರ ಧರ್ಮದ ತಕ್ಕಡಿ ಮುಟ್ಟಿ ಕಣ್ಣೀರಿಟ್ಟ ಹಿರಿಯ ಕೆಲಸಗಾರ್ತಿ." ಅವಳು ಆಡಿದ ಮಾತು ಒಂದೂ ಇರಲಿಲ್ಲ. ಮ್ಯೂಸಿಯಮ್ಮಿನಲ್ಲಿ ಆಗಲೇ ಒಂದು ಕಲ್ಲು ಮಾಯವಾಗಿತ್ತು.

"ನನ್ನ ಕೆಲ್ಸನೂ ಹೋಯ್ತು, ನಿನ್ನ ಮಾತೂ ಹೋಯ್ತು. ಏನು ಸಿಕ್ತಮ್ಮ ನಿಂಗೆ?"

ಹಂಪಮ್ಮ ಪೇಪರನ್ನು ಮಡಚಿ ಸಂಚಿಗೆ ಹಾಕಿಕೊಂಡು ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದಳು.

ಚಿನ್ನಕ್ಕ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಹಂಪಮ್ಮನ ಗುರುತು ಹತ್ತಿತು. ಮೊರ ನಿಲ್ಲಲಿಲ್ಲ, ಕೂತ್ಕೊ ಅನ್ನಲೂ ಇಲ್ಲ. ಹಂಪಮ್ಮ ನಿಂತೇ ಪೇಪರು ಬಿಚ್ಚಿ ಮುಂದೆ ಹಿಡಿದಳು. ಇಬ್ಬರಿಗೂ ಓದು ಬರದು. ಚಿನ್ನಕ್ಕ ಫೋಟೋವನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಎಲ್ಡು ಕಲ್ಲು," ಅಂದಳು. "ತಕ್ಕಡಿ ವಾಲೈತೆ."

"ಹೂಂ ಕಣೇ. ಅಡೀಲಿ ಮಾತ್ರ ಸುಳ್ಳು ಬರ್ದವ್ರೆ." ಅಂದಳು ಹಂಪಮ್ಮ. "ಚಿನ್ನಕ್ಕ, ನಂಗೆ ಅವತ್ತೇ ಗೊತ್ತಿತ್ತು."

"ಕಲ್ಲು ಎತ್ತೋಳು ನೀನು. ನಿಂಗೆ ಗೊತ್ತಿರ್ದೆ ಇನ್ಯಾರಿಗೆ ಗೊತ್ತಿರ್ತೈತೆ?" ಚಿನ್ನಕ್ಕ ಪೇಪರಿನಿಂದ ಕಣ್ಣೆತ್ತಲಿಲ್ಲ. "ನಿಂಗೆ ಗೊತ್ತು ಅಂತ ನಂಗೂ ಗೊತ್ತಿತ್ತು. ಅದ್ಕೇ ಅವತ್ತು ನಿನ್ನ ಮೊಖಾನೇ ನೋಡ್ತಾ ನಿಂತಿದ್ದು."

ಹಂಪಮ್ಮ ಜಗುಲಿಯ ಅಂಚಿಗೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಚಿನ್ನಕ್ಕ ಸಮಾಧಾನ ಮಾಡಲಿಲ್ಲ. ಅಡಕೊತ್ತು ತಂದು, ಫೋಟೋದ ಕೆಳಗಿದ್ದ ಅಕ್ಷರದ ಸಾಲನ್ನು ಪೂರ್ತಿ ಕತ್ತರಿಸಿ ಬೀದಿಗೆ ಎಸೆದಳು. ಉಳಿದದ್ದಕ್ಕೆ ಅನ್ನದ ಗಂಜಿ ಸವರಿ, ಹೋಗಿಬರುವವರಿಗೆಲ್ಲ ಕಾಣುವಂತೆ ಬೀದಿ ಬಾಗಿಲಿಗೆ ಅಂಟಿಸಿ, ಅಂಗೈಯಿಂದ ಒತ್ತಿ ಒತ್ತಿ ಒಣಗಿಸಿದಳು.

ಫೋಟೋದಲ್ಲಿ ತಕ್ಕಡಿಯ ಪಕ್ಕ ಹಂಪಮ್ಮ ನಿಂತಿದ್ದಳು, ಈ ಸಲ ತಲೆ ಎತ್ತಿಕೊಂಡು. ಚಿನ್ನಕ್ಕ ಅದನ್ನೊಮ್ಮೆ ನೋಡಿ ಒಳಗೆ ಹೋಗಿ ಊಟಕ್ಕೆ ಎರಡು ತಟ್ಟೆ ತೊಳೆದಳು.